ಐದೂವರೆ ಗಂಟೆ ಹಿಂದೆ ಇದ್ದ ಕೆರೆ

ನಮ್ಮ ತೋಟದ ಕೆರೆ ದಿನಕ್ಕೆ ಎರಡು ಸಲ ಉಬ್ಬುತ್ತಿತ್ತು, ಎರಡು ಸಲ ಇಳಿಯುತ್ತಿತ್ತು. ಪ್ರತಿ ಸಲ ಆರು ಸೆಂಟಿಮೀಟರ್. ಕಣ್ಣಿಗೆ ಕಂಡಿದ್ದಲ್ಲ, ಗ್ರಾಫಿನಲ್ಲಿ ಕಂಡಿದ್ದು. ಮೂರು ದಿನ ನಾನು ಅದನ್ನು ಪೂರ್ತಿ ನಂಬಿದ್ದೆ.

ತೋಟ ಇರುವುದು ಸಕಲೇಶಪುರ ತಾಲೂಕಿನ ಹಾನುಬಾಳಿನ ಕಡೆ. ಹಾಸನದ ಒಂದು ಪಿಯು ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಫಿಸಿಕ್ಸ್ ಪಾಠ ಮಾಡಿ, ಆಮೇಲೆ ಮಾವನವರಿಗೆ ವಯಸ್ಸಾಯಿತು ಅಂತ ಇಲ್ಲಿಗೆ ಬಂದು ನೆಲೆಸಿದೆ. ಫೆಬ್ರವರಿ ಬಂತೆಂದರೆ ರೊಬಸ್ಟಾ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರ್ ಹಾಕಬೇಕು. ಗಿಡದಲ್ಲಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಅದೃಷ್ಟ, ಇಲ್ಲದಿದ್ದರೆ ಕೆರೆಯೇ ಗತಿ. ಕೆರೆಯಲ್ಲಿ ಎಷ್ಟು ದಿನದ ನೀರಿದೆ ಅಂತ ಮಾವನವರು ಮೆಟ್ಟಿಲು ನೋಡಿ ಹೇಳುತ್ತಿದ್ದರು. ಏಳನೇ ಮೆಟ್ಟಿಲು ಕಂಡರೆ ಪಂಪ್ ನಿಲ್ಲಿಸಿ ಅನ್ನುತ್ತಿದ್ದರು. ಆ ಲೆಕ್ಕ ತಪ್ಪಿದ್ದು ನಾನು ನೋಡಿಲ್ಲ. ಆದರೆ ರಾತ್ರಿ ಒರತೆಯಿಂದ ಎಷ್ಟು ನೀರು ವಾಪಸ್ ಬರುತ್ತದೆ ಅನ್ನುವುದನ್ನು ಮೆಟ್ಟಿಲು ಹೇಳುವುದಿಲ್ಲ. ನನಗೆ ಬೇಕಾಗಿದ್ದು ಅದು.

ಅಕ್ಕನ ಮಗ ಕರಾವಳಿಯಲ್ಲಿ ಅಲೆಗಳನ್ನು ಅಳೆಯುವ ಕೆಲಸ ಮಾಡುತ್ತಾನೆ. ಅವನು ಒತ್ತಡವನ್ನು ಅಳೆದು ತಾನೇ ಬರೆದಿಟ್ಟುಕೊಳ್ಳುವ ಎರಡು ಲಾಗರ್ ತಂದುಕೊಟ್ಟ. ಟಾರ್ಚಿನಷ್ಟು ಉದ್ದದ ಸ್ಟೀಲ್ ಕೊಳವೆ, ಒಳಗೆ ಸೆನ್ಸಾರ್, ಬ್ಯಾಟರಿ, ಗಡಿಯಾರ. ಒಂದನ್ನು ಕೆರೆಗೆ ಇಳಿಸಬೇಕು. ಇನ್ನೊಂದನ್ನು ಪಂಪ್‌ಹೌಸಿನ ಒಳಗೆ ನೆರಳಲ್ಲಿ ತೂಗುಹಾಕಬೇಕು. ಯಾಕೆ ಎರಡು ಅಂದರೆ, ನೀರಿನೊಳಗಿನ ಸೆನ್ಸಾರ್ ನೀರಿನ ಭಾರವನ್ನಷ್ಟೇ ಅಳೆಯುವುದಿಲ್ಲ. ನೀರಿನ ಮೇಲೆ ಕೂತಿರುವ ಗಾಳಿಯ ಭಾರವನ್ನೂ ಸೇರಿಸಿ ಅಳೆಯುತ್ತದೆ. ಗಾಳಿಯದ್ದನ್ನು ಬೇರೆ ಅಳೆದು ಕಳೆದರೆ ಮಾತ್ರ ಉಳಿದಿದ್ದು ನೀರು.

ಹತ್ತು ನಿಮಿಷಕ್ಕೊಂದು ಅಳತೆ ಅಂತ ಇಟ್ಟೆವು. ಜನವರಿ 20ರಿಂದ ಏಪ್ರಿಲ್ 10ರವರೆಗೆ. ದಿನಕ್ಕೆ 144 ಸಾಲು, ಒಟ್ಟು ಹನ್ನೊಂದು ಸಾವಿರಕ್ಕೂ ಜಾಸ್ತಿ. ಫೈಲ್ ತೆಗೆದ ದಿನ ಸಾಯಂಕಾಲವೇ ಉತ್ತರ ಸಿಗುತ್ತದೆ ಅಂದುಕೊಂಡಿದ್ದೆ. ಅಂಕಿಗಳನ್ನು ಶುಚಿ ಮಾಡುವುದಕ್ಕೇ ಎರಡು ವಾರ ಹಿಡಿಯಿತು. ಆ ಎರಡು ವಾರದ ಕಥೆ ಬರೆಯೋಣ ಅನ್ನಿಸಿದೆ. ತೋಟದ ಕೆರೆಗೋ ಬಾವಿಗೋ ಇಂಥ ಲಾಗರ್ ಹಾಕುವವರು ಈಗ ಸುತ್ತಮುತ್ತ ಒಬ್ಬಿಬ್ಬರು ಸಿಗುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಮಾಡಿದ ಕೆಲಸ ಒಂದು ಸರಿಯಾಗಿತ್ತು. ಲಾಗರಿನಿಂದ ಬಂದ ಫೈಲಿನ ಒಂದು ಪ್ರತಿಯನ್ನು 'ಮೂಲ' ಅನ್ನುವ ಫೋಲ್ಡರಿನಲ್ಲಿಟ್ಟು, ಅದನ್ನು ಯಾರೂ ಬದಲಾಯಿಸದ ಹಾಗೆ ಬೀಗ ಹಾಕಿದೆ. ನಾನೂ ಬದಲಾಯಿಸದ ಹಾಗೆ. ಆಮೇಲೆ ನಡೆದ ಎಲ್ಲ ತಪ್ಪಿನಿಂದಲೂ ಹಿಂದಕ್ಕೆ ಬರಲು ಆದದ್ದು ಅದೊಂದರಿಂದ.

ಸ್ಪ್ರೆಡ್‌ಶೀಟಿನಲ್ಲಿ ತೆಗೆದಾಗ ತಾರೀಖುಗಳೇ ಕೆಟ್ಟಿದ್ದವು. ಲಾಗರ್ ತಿಂಗಳನ್ನು ಮೊದಲು ಬರೆಯುತ್ತದೆ, ದಿನ ಆಮೇಲೆ. ನನ್ನ ಕಂಪ್ಯೂಟರ್ ನಮ್ಮ ರೂಢಿಯಂತೆ ದಿನವನ್ನು ಮೊದಲು ಓದುತ್ತದೆ. ಏಪ್ರಿಲ್ 3 ಹೋಗಿ ಮಾರ್ಚ್ 4 ಆಗಿತ್ತು. ತಿಂಗಳ 12ರವರೆಗಿನ ತಾರೀಖುಗಳೆಲ್ಲ ಹೀಗೆ ತಿರುಗಿದ್ದವು. 13ರ ಮೇಲಿನವು ತಿರುಗಲು ಆಗದೆ ಬರೀ ಅಕ್ಷರಗಳಾಗಿ ಖಾನೆಯ ಎಡಕ್ಕೆ ಅಂಟಿಕೊಂಡಿದ್ದವು. ಖಾನೆಯಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಕಂಡರೆ ಅಲ್ಲೇ ನಿಲ್ಲಿಸಿ. ಫೈಲನ್ನು ಮತ್ತೆ ಒಳಗೆ ತರುವಾಗ ಯಾವುದು ತಿಂಗಳು, ಯಾವುದು ದಿನ ಅಂತ ಹೇಳಿಕೊಡಿ. ಅರ್ಧ ಗಂಟೆಯ ಕೆಲಸ. ಗಮನಿಸದಿದ್ದರೆ ಏಪ್ರಿಲ್ ತಿಂಗಳ ಮಳೆ ಮಾರ್ಚಿನಲ್ಲಿ ಸುರಿದುಬಿಡುತ್ತದೆ.

ಆಮೇಲೆ ಕತ್ತರಿಸುವ ಕೆಲಸ. ಲಾಗರನ್ನು ಜನವರಿ 19ರ ಸಂಜೆ ಏಳಕ್ಕೆ ಊಟದ ಮೇಜಿನ ಮೇಲೆ ಶುರು ಮಾಡಿದ್ದೆವು. ಮಾರನೇ ದಿನ ಬೆಳಗ್ಗೆ ಜೀಪಿನಲ್ಲಿ ಕೆರೆಗೆ ಒಯ್ದೆವು. ನೀರಿಗೆ ಇಳಿಸಿದ್ದು 9:40ಕ್ಕೆ ಅಂತ ನನ್ನ ನೋಟ್‌ಬುಕ್ಕಿನಲ್ಲಿದೆ. ಅಷ್ಟು ಹೊತ್ತೂ ಅದು ಗಾಳಿಯ ಒತ್ತಡವನ್ನೇ ಬರೆದುಕೊಂಡಿದೆ. ಸುಮಾರು 90.5 ಕಿಲೋಪಾಸ್ಕಲ್. ನೀರಿಗೆ ಬಿದ್ದ ಕೂಡಲೇ ಗೆರೆ ಗೋಡೆ ಹತ್ತಿದ ಹಾಗೆ 109ಕ್ಕೆ ಏರುತ್ತದೆ. ಕೊನೆಯಲ್ಲಿ ಮೇಲೆತ್ತಿದಾಗ ಮತ್ತೆ ಗೋಡೆ ಇಳಿದ ಹಾಗೆ ಕೆಳಕ್ಕೆ. ಎರಡು ಗೋಡೆಯ ನಡುವೆ ಇರುವುದು ಕೆರೆ, ಆಚೀಚೆ ಇರುವುದು ಕಸ. ಹಾಗೆಂದುಕೊಂಡು ಎರಡೂ ತುದಿಯನ್ನು ಒಂದೇ ಏಟಿಗೆ ಕತ್ತರಿಸಿ ಎಸೆದೆ.

ಅದು ಕಸ ಅಲ್ಲ ಅಂತ ಅಕ್ಕನ ಮಗ ಫೋನಿನಲ್ಲಿ ಹೇಳಿದ. ಮೇಜಿನ ಮೇಲೆ ಎರಡೂ ಲಾಗರ್ ಪಕ್ಕಪಕ್ಕ ಇದ್ದವು, ಅಲ್ವಾ? ಒಂದೇ ಕೋಣೆ, ಒಂದೇ ಗಾಳಿ. ಹಾಗಾದರೆ ಎರಡೂ ಒಂದೇ ಅಂಕಿ ತೋರಿಸಬೇಕು. ತೋರಿಸದಿದ್ದರೆ ಆ ವ್ಯತ್ಯಾಸ ಸೆನ್ಸಾರಿನದ್ದು, ಕೆರೆಯದ್ದಲ್ಲ. ಬೀಗ ಹಾಕಿಟ್ಟ ಫೈಲಿನಿಂದ ಆ ರಾತ್ರಿಯ ಸಾಲುಗಳನ್ನು ಮತ್ತೆ ತೆಗೆದು ನೋಡಿದೆ. ನೀರಿನ ಲಾಗರ್ 0.12 ಕಿಲೋಪಾಸ್ಕಲ್ ಜಾಸ್ತಿ ಓದುತ್ತಿತ್ತು. ನೀರಿನ ಲೆಕ್ಕದಲ್ಲಿ ಅದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಮೇಲೆ. ಏಪ್ರಿಲ್ 10ರ ರಾತ್ರಿಯೂ ಎರಡನ್ನೂ ಅದೇ ಮೇಜಿನ ಮೇಲೆ ಇಟ್ಟಿದ್ದೆವು, ನಿಲ್ಲಿಸಲು ಮರೆತಿದ್ದರಿಂದ ಓಡುತ್ತಲೇ ಇದ್ದವು. ಆಗಲೂ ವ್ಯತ್ಯಾಸ 0.12. ಹಾಗಾಗಿ ಎಂಬತ್ತು ದಿನದಲ್ಲಿ ಸೆನ್ಸಾರಿನ ಅಳತೆ ಜಾರಿಲ್ಲ ಅಂತ ಗೊತ್ತಾಯಿತು. ಅಂಥ ಭರವಸೆ ನೀರಿನೊಳಗಿನ ಸಾಲುಗಳಿಂದ ಸಿಗುವುದಿಲ್ಲ. ಕತ್ತರಿಸಿ ಎಸೆಯುವ ತುದಿಗಳಿಂದಲೇ ಸಿಗುವುದು. ಈಗ ನಾನು ಲಾಗರನ್ನು ನೀರಿನಿಂದ ತೆಗೆದ ಮೇಲೂ ಬೇಕೆಂದೇ ಒಂದು ರಾತ್ರಿ ಓಡಲು ಬಿಡುತ್ತೇನೆ.

ಎಲ್ಲಿ ಕತ್ತರಿಸಬೇಕು ಅನ್ನುವುದೂ ಗೋಡೆ ನೋಡಿ ಹೇಳುವಷ್ಟು ಸುಲಭ ಅಲ್ಲ. ಜೀಪಿನ ಬಾನೆಟ್ ಮೇಲೆ ಬಿಸಿಲಿಗೆ ಇಟ್ಟಿದ್ದ ಲಾಗರ್ 31 ಡಿಗ್ರಿಗೆ ಕಾದಿತ್ತು. ಕೆರೆಯ ತಳದ ನೀರು 22. ಒತ್ತಡ ಒಂದೇ ಕ್ಷಣದಲ್ಲಿ ಏರಿತು, ಆದರೆ ಕೊಳವೆ ತಣ್ಣಗಾಗಲು ಹೊತ್ತು ಹಿಡಿಯಿತು. ಈ ಲಾಗರ್ ತನ್ನ ಉಷ್ಣಾಂಶವನ್ನು ಹಿಡಿದೇ ಒತ್ತಡದ ಅಂಕಿಯನ್ನು ತಿದ್ದುತ್ತದೆ. ಒಳಗೆ ಬಿಸಿ, ಹೊರಗೆ ತಂಪು ಇರುವಾಗ ಆ ತಿದ್ದುಪಡಿಯೇ ತಪ್ಪಿರುತ್ತದೆ. ಹಗ್ಗವೂ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಉಷ್ಣಾಂಶದ ಗೆರೆ ನೆಟ್ಟಗಾಗುವವರೆಗೆ ಬಿಟ್ಟು, ಇನ್ನೊಂದು ಗಂಟೆ ಸೇರಿಸಿ, ಅಲ್ಲಿಂದ ಕೆರೆ ಶುರು ಅಂತ ಗುರುತು ಹಾಕಿದೆ. ಒತ್ತಡದ ಗೆರೆಗಿಂತ ಉಷ್ಣಾಂಶದ ಗೆರೆ ಹೆಚ್ಚು ನಂಬಿಕೆಯ ಸಾಕ್ಷಿ.

ಇಷ್ಟಾದ ಮೇಲೆ ಅಕ್ಕನ ಮಗನ ಲೆಕ್ಕದ ಹಾಳೆಗೆ ಅಂಕಿ ಸುರಿದೆ. ಹಗ್ಗದ ಗುರುತಿನ ಪ್ರಕಾರ ಸೆನ್ಸಾರಿನ ಮೇಲೆ ನೀರು 1.9 ಮೀಟರ್ ಇರಬೇಕು. ಹಾಳೆ 0.77 ಅಂದಿತು. ಒಂದು ಮೀಟರಿಗಿಂತ ಜಾಸ್ತಿ ನೀರು ಮಾಯ. ಹಾಳೆ ತಪ್ಪು ಮಾಡಿರಲಿಲ್ಲ, ಅದು ಕಡಲಿನ ಹಾಳೆ. ಗಾಳಿಯ ಒತ್ತಡದ ಜಾಗದಲ್ಲಿ 101.325 ಅಂತ ಇತ್ತು. ಅದು ಸಮುದ್ರಮಟ್ಟದ ಅಂಕಿ. ನಮ್ಮ ತೋಟ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಘಟ್ಟ ಹತ್ತಿದಷ್ಟೂ ತಲೆ ಮೇಲಿನ ಗಾಳಿ ಕಡಿಮೆ. ಇಲ್ಲಿ ಉಳಿಯುವುದು 90 ಚಿಲ್ಲರೆ. ಆ ಹನ್ನೊಂದು ಕಿಲೋಪಾಸ್ಕಲಿನ ಅಂತರವೇ ಕಾಣೆಯಾದ ನೀರು. ನೀರಿನ ಸಾಂದ್ರತೆಯ ಜಾಗದಲ್ಲೂ ಉಪ್ಪುನೀರಿನ 1025 ಇತ್ತು. ಕೆರೆಯ ಸಿಹಿನೀರಿಗೆ 22ರಿಂದ 25 ಡಿಗ್ರಿಯಲ್ಲಿ 997 ಸಾಕು. ಗುರುತ್ವಕ್ಕೆ 9.81 ಬದಲು ನಮ್ಮ ಅಕ್ಷಾಂಶಕ್ಕೆ 9.78 ಹಾಕಿದೆ. ಇವೆಲ್ಲ ಸೇರಿದರೆ ಒಂದು ಕಿಲೋಪಾಸ್ಕಲಿಗೆ 10.26 ಸೆಂಟಿಮೀಟರ್ ನೀರು. ಪುಸ್ತಕದ 10.2 ಹಿಡಿದರೂ ಎರಡು ಮೀಟರಿಗೆ ಒಂದು ಸೆಂಟಿಮೀಟರ್ ತಪ್ಪಷ್ಟೇ. ಆದರೆ ರಾತ್ರಿಯ ಒರತೆ ಎರಡು ಮೂರು ಸೆಂಟಿಮೀಟರಿನ ಮಾತು. ನನಗೆ ಒಂದೂ ಬಿಡುವ ಹಾಗಿರಲಿಲ್ಲ.

ಈಗ ಪಂಪ್‌ಹೌಸಿನ ಲಾಗರಿನ ಗಾಳಿಯನ್ನು ಸಾಲು ಸಾಲಾಗಿ ಕಳೆದೆ. ಆಳ ಸರಿ ಬಂತು. 1.9ರ ಹತ್ತಿರ. ಕೆರೆ ದಿನಕ್ಕೆ ಎರಡು ಸಲ ಉಬ್ಬಿ ಇಳಿಯಲು ಶುರುವಾಗಿದ್ದು ಆಗಲೇ.

ನಾನು ಅದನ್ನು ಯಾಕೆ ನಂಬಿದೆ ಅಂದರೆ, ನಂಬಲು ಕಾರಣ ಕೈಯಲ್ಲೇ ಇತ್ತು. ಕೆರೆಯ ಸುತ್ತ ದೊಡ್ಡ ದೊಡ್ಡ ಸಿಲ್ವರ್ ಓಕ್, ಅತ್ತಿ, ಒಂದು ಹಳೇ ಹಲಸು. ಮರಗಳು ಹಗಲು ಬೇರಿನಿಂದ ನೀರು ಎಳೆಯುತ್ತವೆ, ರಾತ್ರಿ ಸುಮ್ಮನಿರುತ್ತವೆ. ಅದರಿಂದ ನೆಲದ ನೀರಿನ ಮಟ್ಟ ಹಗಲು ಇಳಿದು ರಾತ್ರಿ ಏರುವುದು ನಿಜವಾಗಿಯೂ ನಡೆಯುವ ವಿಷಯ. ನಮ್ಮ ಮರಗಳು ನೀರು ಕುಡಿಯುವುದನ್ನೇ ನೋಡುತ್ತಿದ್ದೇನೆ ಅನ್ನಿಸಿ ಮನಸ್ಸು ತುಂಬಿ ಬಂದಿತ್ತು. ಮಾವನವರನ್ನು ಕೂರಿಸಿ ಗ್ರಾಫ್ ತೋರಿಸಿದೆ. ಅವರು ಬೆರಳಿಟ್ಟು ಉಬ್ಬುಗಳನ್ನು ಎಣಿಸಿದರು. ದಿನಕ್ಕೆ ಎರಡಿದೆಯಲ್ಲಮ್ಮ, ಸೂರ್ಯ ಒಂದೇ ಸಲ ತಾನೇ ಹುಟ್ಟುವುದು, ಅಂದರು.

ಅವರು ಕೇಳಿದ್ದು ಸರಿ. ಮರ ಕುಡಿದರೆ ದಿನಕ್ಕೊಂದೇ ಉಬ್ಬು ಇರಬೇಕು. ಎರಡು ಯಾಕೆ? ದಿನಕ್ಕೆ ಎರಡು ಸಲ ಏರಿಳಿಯುವುದು ಗಾಳಿಯ ಒತ್ತಡ. ಬಿಸಿಲು ಮೇಲಿನ ಗಾಳಿಯನ್ನು ಕಾಯಿಸುವುದರಿಂದ ಇಡೀ ವಾತಾವರಣದಲ್ಲಿ ಒಂದು ಅಲೆ ಏಳುತ್ತದೆ, ಕಡಲಿನ ಭರತ ಇಳಿತದ ಹಾಗೆ. ನಮ್ಮಂಥ ಉಷ್ಣವಲಯದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಏರು, ಸಂಜೆ ನಾಲ್ಕಕ್ಕೆ ಇಳಿ, ರಾತ್ರಿ ಹತ್ತಕ್ಕೆ ಮತ್ತೆ ಏರು, ಬೆಳಗಿನ ಜಾವ ನಾಲ್ಕಕ್ಕೆ ಇಳಿ. ಏರಿಳಿತ ಮೂರು ನಾಲ್ಕು ಹೆಕ್ಟೋಪಾಸ್ಕಲ್. ಒಂದು ಹೆಕ್ಟೋಪಾಸ್ಕಲ್ ಅಂದರೆ ಕಿಲೋಪಾಸ್ಕಲಿನ ಹತ್ತನೇ ಒಂದು ಭಾಗ, ಸುಮಾರು ಒಂದು ಸೆಂಟಿಮೀಟರ್ ನೀರು. ಗಾಳಿಯನ್ನು ಕಳೆಯದೆ ಬಿಟ್ಟರೆ ಕೆರೆ ಮೂರು ಸೆಂಟಿಮೀಟರ್ ಉಸಿರಾಡಿದ ಹಾಗೆ ಕಾಣುತ್ತದೆ. ನಾನು ಕಳೆದಿದ್ದೆ. ಕಳೆದ ಮೇಲೆ ಅದು ಹೋಗಬೇಕಿತ್ತು. ಹೋಗುವ ಬದಲು ಆರಾಗಿತ್ತು.

ಎರಡೂ ಫೈಲಿನ ಮೊದಲ ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಉತ್ತರ ಸಿಕ್ಕಿತು. ಗಾಳಿಯ ಲಾಗರನ್ನು ಶುರು ಮಾಡಿದ್ದು ನನ್ನ ಲ್ಯಾಪ್‌ಟಾಪಿನಿಂದ. ಅದು ನಮ್ಮ ಭಾರತೀಯ ಸಮಯ ಹಿಡಿದಿತ್ತು. ನೀರಿನದ್ದನ್ನು ಶುರು ಮಾಡಿದ್ದು ಅಕ್ಕನ ಮಗನ ಲ್ಯಾಪ್‌ಟಾಪಿನಿಂದ. ಸಮುದ್ರದ ಕೆಲಸದಲ್ಲಿ ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲೇ ಬರೆಯುತ್ತಾರೆ. ಅವನದ್ದೂ ಹಾಗೇ ಇತ್ತು. ನಡುವೆ ಐದೂವರೆ ಗಂಟೆ.

ಈ ಐದೂವರೆ ಗಂಟೆ ಎಂಥ ಕೆಟ್ಟ ಅಂತರ ಅಂತ ಒಂದು ಸಾಲು ಹಿಡಿದು ನೋಡಿ. ಬೆಳಗ್ಗೆ 10 ಗಂಟೆ. ಗಾಳಿಯ ಒತ್ತಡ ತುದಿಯಲ್ಲಿದೆ. ಕೆರೆಯೊಳಗಿನ ಲಾಗರ್ ಅದನ್ನು ಬರೆದುಕೊಂಡು ಪಕ್ಕದಲ್ಲಿ 4:30 ಅಂತ ಹಾಕುತ್ತದೆ. ನಾನು ಗಾಳಿಯ ಫೈಲಿನಲ್ಲಿ 4:30 ಹುಡುಕುತ್ತೇನೆ. ಅದು ನಿಜವಾದ ಬೆಳಗಿನ ಜಾವದ ನಾಲ್ಕೂವರೆ, ಗಾಳಿ ತೀರಾ ಇಳಿದಿರುವ ಹೊತ್ತು. ಏರಿನಿಂದ ಇಳಿಯನ್ನು ಕಳೆದರೆ ಅಲೆ ಅಳಿಯುವುದಿಲ್ಲ, ಎರಡರಷ್ಟಾಗುತ್ತದೆ. ಅಂತರ ಒಂದು ಗಂಟೆ ಇದ್ದಿದ್ದರೆ ತಪ್ಪು ಸಣ್ಣದಾಗಿ ಉಳಿಯುತ್ತಿತ್ತು. ಪೂರ್ತಿ ಹನ್ನೆರಡು ಇದ್ದಿದ್ದರೆ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಹನ್ನೆರಡು ಗಂಟೆಯ ಅಲೆಗೆ ಆರು ಗಂಟೆಯೇ ಅತಿ ಕೆಟ್ಟ ಜಾಗ. ನಮ್ಮ ದೇಶದ ಗಡಿಯಾರ ಅದರ ಪಕ್ಕದಲ್ಲೇ ನಿಂತಿದೆ.

ನೀರಿನ ಫೈಲಿಗೆ ಐದೂವರೆ ಗಂಟೆ ಕೂಡಿಸಿದೆ. ಹತ್ತು ನಿಮಿಷದ ಸಾಲುಗಳಾದ್ದರಿಂದ ಒಂದಕ್ಕೊಂದು ಸರಿಯಾಗಿ ಕೂತವು. ಗಂಟೆಗೊಂದು ಸಾಲು ಇಟ್ಟಿದ್ದರೆ ಆ ಅರ್ಧ ಗಂಟೆಗೆ ಜೋಡಿ ಸಿಗುತ್ತಿರಲಿಲ್ಲ, ನಡುವಿನ ಅಂಕಿ ಲೆಕ್ಕ ಹಾಕಬೇಕಿತ್ತು. ಗಡಿಯಾರ ತಾನಾಗಿ ಎಷ್ಟು ಹಿಂದೆ ಬಿದ್ದಿದೆ ಅಂತಲೂ ಫೋನಿಗೆ ಹೋಲಿಸಿ ಬರೆದಿಟ್ಟಿದ್ದೆ. ಎರಡು ನಿಮಿಷ. ನನ್ನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಅಲೆ ಅಳೆಯುವವರು ಸೆಕೆಂಡಿಗೆ ಹಲವು ಸಲ ಅಳತೆ ತೆಗೆಯುತ್ತಾರೆ, ಅವರಿಗೆ ಇದು ದೊಡ್ಡ ವಿಷಯ.

ಗೆರೆ ಹಾಸಿದ ಜಮಖಾನೆಯ ಹಾಗೆ ಮಲಗಿತು. ಮರಗಳು ಕುಡಿದ ನೀರು ಅದರೊಂದಿಗೇ ಹೋಯಿತು. ಬೇಜಾರಾಯಿತು ನಿಜ. ಆದರೆ ಆ ದೊಡ್ಡ ಅಲೆಯ ಕೆಳಗೆ ಅಡಗಿದ್ದ ಸಣ್ಣ ಸಂಗತಿಗಳು ಒಂದೊಂದಾಗಿ ಮೇಲೆ ಬಂದವು. ಬೆಳಗ್ಗೆ ಆರಕ್ಕೆ ಡೀಸೆಲ್ ಪಂಪ್ ಶುರುವಾದ ಜಾಗ ಸ್ಪಷ್ಟವಾಗಿ ಕಂಡಿತು. ನಿಲ್ಲಿಸಿದ್ದು ಎರಡು ಗಂಟೆಗೆ, ಅದೂ ಕಂಡಿತು.

ಇನ್ನು ಉಳಿದಿದ್ದು ಗೆರೆಯಲ್ಲಿನ ಮೆಟ್ಟಿಲು, ಗುಂಡಿ, ಮುಳ್ಳು. ಇಲ್ಲಿ ನನಗೆ ಕಂಪ್ಯೂಟರ್ ಸಹಾಯ ಮಾಡಲಿಲ್ಲ. ಮಾಡಿದ್ದು ಎರಡು ನೋಟ್‌ಬುಕ್.

ಫೆಬ್ರವರಿ 24ರಂದು ಗೆರೆ ಇದ್ದಕ್ಕಿದ್ದಂತೆ ನಾಲ್ಕು ಸೆಂಟಿಮೀಟರ್ ಕೆಳಗಿನಿಂದ ಮುಂದುವರಿಯುತ್ತದೆ. ಆ ದಿನ ಲಾಗರನ್ನು ಮೂವತ್ತೈದು ನಿಮಿಷ ಹೊರಗೆ ತೆಗೆದು ಫೈಲ್ ಇಳಿಸಿಕೊಂಡಿದ್ದೆ. ವಾಪಸ್ ಹಾಕುವಾಗ ಹಗ್ಗದ ಕೊಕ್ಕೆ ಸರಪಳಿಯ ಬೇರೆ ಕೊಂಡಿಗೆ ಸಿಕ್ಕಿತ್ತು. ಸೆನ್ಸಾರ್ ನಾಲ್ಕು ಸೆಂಟಿಮೀಟರ್ ಮೇಲೆ ತೂಗಿತು, ಕೆರೆ ಇಳಿದಿರಲಿಲ್ಲ. ಇದು ಗೊತ್ತಾಗಿದ್ದು ಕೋಲಿನ ಅಳತೆಯಿಂದ. ಪಂಪ್‌ಹೌಸಿನ ಕಂಬಕ್ಕೆ ಬಣ್ಣ ಬಳಿದು ಸೆಂಟಿಮೀಟರ್ ಗುರುತು ಹಾಕಿದ್ದೇವೆ. ತೆಗೆಯುವ ಮೊದಲೂ 1.42, ಹಾಕಿದ ಮೇಲೂ 1.42 ಅಂತ ಬರೆದಿದ್ದೆ. ಹಾಗಾಗಿ ಎರಡನೇ ಭಾಗಕ್ಕೆ ನಾಲ್ಕು ಸೆಂಟಿಮೀಟರ್ ಕೂಡಿಸಿ ಜೋಡಿಸಿದೆ. ಕೊಕ್ಕೆಗೆ ಈಗ ಕೆಂಪು ದಾರ ಕಟ್ಟಿದೆ.

ಮಾರ್ಚ್ 12ರ ಮಧ್ಯಾಹ್ನ ಎರಡೂವರೆಯಿಂದ ಮೂರು ನಲವತ್ತರವರೆಗೆ ಕೆರೆಯೇ ಇಲ್ಲ. ಒತ್ತಡ ನೇರ ಗಾಳಿಯ ಅಂಕಿಗೆ ಬಂದು ನಿಂತಿದೆ. ಸೆನ್ಸಾರ್ ಕೆಟ್ಟಿತು ಅಂತ ಹೆದರಿದೆ. ಮೇಸ್ತ್ರಿಯನ್ನು ಕೇಳಿದರೆ, ಪೈಪಿನ ಕೆಳತುದಿಯ ಫುಟ್‌ವಾಲ್ವಿಗೆ ಎಲೆ ಕಟ್ಟಿತ್ತು, ಪೈಪ್ ಎಳೆದಾಗ ನಿಮ್ಮ ಹಗ್ಗವೂ ಜೊತೆಗೆ ಬಂತು, ಕೆಲಸ ಮುಗಿಸಿ ಹಾಗೇ ಇಳಿಸಿದೆ ಅಂದರು. ಕೊಕ್ಕೆ ಬಿಚ್ಚಿರಲಿಲ್ಲ, ಹಾಗಾಗಿ ಮಟ್ಟ ಬದಲಾಗಿರಲಿಲ್ಲ. ಒಳ್ಳೆಯದಾಯಿತು. ಆ ಎಪ್ಪತ್ತು ನಿಮಿಷ ಮತ್ತು ಆಮೇಲಿನ ಒಂದು ಗಂಟೆಯನ್ನು ಬಿಟ್ಟೆ.

ಏಪ್ರಿಲ್ 3ರದ್ದು ಇದಕ್ಕೆ ಉಲ್ಟಾ. ಸಂಜೆ ಐದರ ಸುಮಾರಿಗೆ ನಲವತ್ತು ನಿಮಿಷದಲ್ಲಿ ಹನ್ನೊಂದು ಸೆಂಟಿಮೀಟರ್ ಏರಿಕೆ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಬದಲಾದರೆ ಅಳಿಸು ಅಂತ ನಾನೇ ಒಂದು ನಿಯಮ ಹಾಕಿದ್ದೆ. ಅದು ಈ ಏರಿಕೆಯನ್ನು ನುಂಗಿಬಿಟ್ಟಿತ್ತು. ಮಾವನವರ ಮಳೆ ಪುಸ್ತಕ ತೆಗೆದು ನೋಡಿದೆ. ಮಲೆನಾಡಿನ ತೋಟದ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಇಂಚು ಸೆಂಟ್ಸ್ ಲೆಕ್ಕದಲ್ಲಿ, ನೂರು ಸೆಂಟ್ಸ್ ಅಂದರೆ ಒಂದು ಇಂಚು. ಅವರ ಕೈಬರಹದಲ್ಲಿ: 2 ಇಂಚು 35 ಸೆಂಟ್ಸ್. ಅಂದರೆ ಸುಮಾರು ಆರು ಸೆಂಟಿಮೀಟರ್ ಕೆರೆಯ ಮೇಲೆ ನೇರವಾಗಿ ಬಿದ್ದಿದೆ. ಉಳಿದ ಐದು ತೋಟದ ರಸ್ತೆಯ ಚರಂಡಿಯಿಂದ ಹರಿದು ಬಂದಿದೆ. ಇಡೀ ಬೇಸಿಗೆಯಲ್ಲಿ ಕೆರೆಗೆ ನಡೆದ ಅತಿ ದೊಡ್ಡ ಸಂಗತಿ ಅದು. ಅದನ್ನೇ ಕೊಳೆ ಅಂತ ತೊಳೆದುಹಾಕಿದ್ದೆ.

ಆ ರಾತ್ರಿ ಅಳಿಸುವುದನ್ನು ನಿಲ್ಲಿಸಿದೆ. ಈಗ ಒಂದು ಸಾಲನ್ನೂ ಅಳಿಸುವುದಿಲ್ಲ. ಪಕ್ಕದಲ್ಲಿ ಒಂದು ಖಾನೆ ಮಾಡಿದ್ದೇನೆ. ಸರಿ ಇರುವ ಸಾಲಿಗೆ 'ಸ', ಗಾಳಿಯಲ್ಲಿದ್ದಾಗಿನ ಸಾಲಿಗೆ 'ಗ', ತಣ್ಣಗಾಗುತ್ತಿರುವ ಹೊತ್ತಿಗೆ 'ತ', ಅನುಮಾನ ಇದ್ದರೆ 'ಅ'. ಲೆಕ್ಕ ಮಾಡುವಾಗ 'ಸ' ಮಾತ್ರ ತೆಗೆದುಕೊಳ್ಳುತ್ತೇನೆ. ಇನ್ನೊಂದು ಖಾನೆಯಲ್ಲಿ ಕಾರಣ: ಕೊಕ್ಕೆ, ಫುಟ್‌ವಾಲ್ವ್, ಮೇಜು.

ಇಷ್ಟೆಲ್ಲ ಆದ ಮೇಲೆ ನನಗೆ ಬೇಕಾದ ಉತ್ತರ ಸಿಕ್ಕಿತು. ಪಂಪ್ ಓಡಿದ ದಿನ ಕೆರೆ ಒಂಬತ್ತು ಸೆಂಟಿಮೀಟರ್ ಇಳಿಯುತ್ತದೆ. ಫೆಬ್ರವರಿಯಲ್ಲಿ ರಾತ್ರಿ ಒರತೆಯಿಂದ ಎರಡೂವರೆ ವಾಪಸ್ ಬರುತ್ತದೆ. ಮಾರ್ಚ್ ಎರಡನೇ ವಾರದ ಹೊತ್ತಿಗೆ ಅದು ಒಂದಕ್ಕಿಂತ ಕಡಿಮೆ. ಮುಂದಿನ ವರ್ಷ ಕೆಳಗಿನ ಬ್ಲಾಕಿಗೆ ಮೊದಲು ನೀರು ಕೊಡೋಣ, ಒರತೆ ಚುರುಕಾಗಿರುವಾಗಲೇ, ಅಂತ ಮಾತಾಡಿಕೊಂಡಿದ್ದೇವೆ. ಮಾವನವರ ಏಳನೇ ಮೆಟ್ಟಿಲು ಕಂಬದ ಗುರುತಿನಲ್ಲಿ 0.85ಕ್ಕೆ ಬರುತ್ತದೆ. ಅದನ್ನೂ ಫೈಲಿನ ತಲೆಯಲ್ಲಿ ಬರೆದಿದ್ದೇನೆ.

ಒಂದು ಜಾಗ ಮಾತ್ರ ಇನ್ನೂ ಬಗೆಹರಿದಿಲ್ಲ. ಮಾರ್ಚ್ 21ರ ರಾತ್ರಿ ಹನ್ನೊಂದರಿಂದ ಎರಡರವರೆಗೆ ಕೆರೆ ಮೂರು ಸೆಂಟಿಮೀಟರ್ ಏರಿದೆ. ಒರತೆ ಆಗಲೇ ಸೋತಿತ್ತು. ಮಳೆ ಪುಸ್ತಕದಲ್ಲಿ ಆ ದಿನ ಸೊನ್ನೆ. ಉಷ್ಣಾಂಶದ ಗೆರೆ ನೆಟ್ಟಗಿದೆ, ಸೆನ್ಸಾರ್ ಅಲುಗಿಲ್ಲ. ಮೇಲಿನ ತೋಟದ ಕೆರೆಯ ತೂಬನ್ನು ಯಾರಾದರೂ ಬಿಟ್ಟಿದ್ದರೋ ಅಂತ ಮೇಸ್ತ್ರಿ ವಿಚಾರಿಸುತ್ತಿದ್ದಾರೆ. ಅಲ್ಲಿಯವರೆಗೆ ಆ ಹದಿನೆಂಟು ಸಾಲುಗಳ ಪಕ್ಕ 'ಅ' ಇರುತ್ತದೆ, ಕಾರಣದ ಖಾನೆ ಖಾಲಿ.